ಜೀವರಸಾಯನದ ಪ್ರಶ್ನೆ ಬರೆಯಲು ಕಲಿತಿದ್ದು: ನನ್ನ ಅನುಭವ

ಪದವಿ ವಿದ್ಯಾರ್ಥಿಗಳಿಗೆ ಜೀವರಸಾಯನ ಮತ್ತು ಅಣುಜೀವಶಾಸ್ತ್ರ ಕಲಿಸುತ್ತೇನೆ. ಮೊದಲ ಕೆಲವು ವರ್ಷ ನನ್ನ ಪ್ರಶ್ನೆಪತ್ರಿಕೆಗಳಲ್ಲಿ 'ಎಂದರೇನು' ಎಂಬ ಪ್ರಶ್ನೆಗಳೇ ಜಾಸ್ತಿ. ಕೆಎಂ ಎಂದರೇನು ಎಂದು ಕೇಳಿದಾಗ ತರಗತಿಯ ಮುಕ್ಕಾಲು ಜನ ಸರಿಯಾಗಿ ಬರೆದಿದ್ದರು: ಕಿಣ್ವದ ವೇಗವು ಗರಿಷ್ಠ ವೇಗದ ಅರ್ಧಕ್ಕೆ ಬಂದಾಗ ಇರುವ ಸಬ್‌ಸ್ಟ್ರೇಟ್ (ಕಿಣ್ವವು ಬದಲಾಯಿಸುವ ವಸ್ತು) ಸಾಂದ್ರತೆ. ನನಗೆ ತುಂಬ ಖುಷಿಯಾಗಿತ್ತು.

ಮರುದಿನ ಬೋರ್ಡಿನ ಮೇಲೆ ಸುಮ್ನೆ ಒಂದು ಪ್ರಶ್ನೆ ಬರೆದೆ. ಸಬ್‌ಸ್ಟ್ರೇಟ್ ಸಾಂದ್ರತೆ ಕೆಎಂನ 3 ಪಟ್ಟು ಇದ್ದರೆ ವೇಗ ಎಷ್ಟು? ಹೆಚ್ಚಿನವರು ಗರಿಷ್ಠ ವೇಗದ ಒಂದೂವರೆ ಪಟ್ಟು ಎಂದರು. ಅರ್ಧವನ್ನು ಮೂರರಿಂದ ಗುಣಿಸಿದ್ದರು, ಅಷ್ಟೇ. ಗರಿಷ್ಠ ಎಂದಮೇಲೆ ಅದನ್ನು ದಾಟುವುದು ಹೇಗೆ ಎಂದು ಯಾರೂ ನಿಂತು ಯೋಚಿಸಲಿಲ್ಲ. ಸರಿಯಾದ ಉತ್ತರ ಗರಿಷ್ಠ ವೇಗದ ಮುಕ್ಕಾಲು ಭಾಗ. ಹಿಂದಿನ ದಿನ ಪೂರ್ತಿ ಅಂಕ ಪಡೆದವರೇ ಇವರು. ನಾನು ಅಳೆದಿದ್ದು ಅವರ ನೆನಪನ್ನು, ತಿಳಿವಳಿಕೆಯನ್ನಲ್ಲ ಎಂದು ಆಗ ಗೊತ್ತಾಯಿತು.

ಅಲ್ಲಿಂದ ಒಂದು ರೂಢಿ ಮಾಡಿಕೊಂಡೆ. ಹೊಸ ಪ್ರಶ್ನೆಯನ್ನು ಮೊದಲು ಆಯ್ಕೆಗಳೇ ಇಲ್ಲದೆ ತರಗತಿಯಲ್ಲಿ ಕೇಳುತ್ತೇನೆ. ಬರುವ ತಪ್ಪು ಉತ್ತರಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮುಂದಿನ ವರ್ಷ ಬಹು ಆಯ್ಕೆ ಪ್ರಶ್ನೆ ಮಾಡುವಾಗ ಆ ತಪ್ಪುಗಳೇ ಆಯ್ಕೆಗಳಾಗುತ್ತವೆ. ನಾನೇ ಕೂತು ಕಲ್ಪಿಸಿಕೊಂಡ ತಪ್ಪು ಉತ್ತರಗಳನ್ನು ಯಾರೂ ಆರಿಸುತ್ತಿರಲಿಲ್ಲ. 'ಒಂದೂವರೆ ಪಟ್ಟು' ಎಂಬ ಆಯ್ಕೆಗೆ ಮಾತ್ರ ಪ್ರತಿ ವರ್ಷವೂ ಜನ ಸಿಗುತ್ತಾರೆ.

ಡಿಎನ್‌ಎ ನಕಲಾಗುವಾಗ ಹಳೆಯ ಎಳೆಗಳು ಏನಾಗುತ್ತವೆ ಎಂದು ತೋರಿಸಿದ ಮೆಸೆಲ್ಸನ್ ಮತ್ತು ಸ್ಟಾಲ್ ಅವರ 1958ರ ಪ್ರಯೋಗ ನನಗೆ ತುಂಬ ಇಷ್ಟ. ಭಾರದ ನೈಟ್ರೋಜನ್-15ರಲ್ಲಿ ಬೆಳೆಸಿದ ಬ್ಯಾಕ್ಟೀರಿಯಾವನ್ನು ಹಗುರದ ನೈಟ್ರೋಜನ್-14ಕ್ಕೆ ಬದಲಾಯಿಸಿದರೆ, ಒಂದು ಪೀಳಿಗೆಯ ನಂತರ ಡಿಎನ್‌ಎ ಎಲ್ಲವೂ ನಡುತೂಕದ ಪಟ್ಟಿಯಲ್ಲಿ ನಿಲ್ಲುತ್ತದೆ. ಎರಡನೆಯದರಲ್ಲಿ ಅರ್ಧ ನಡುತೂಕ, ಅರ್ಧ ಹಗುರ. ಇದನ್ನು ಪುಸ್ತಕದ ಚಿತ್ರದಿಂದಲೇ ಬಾಯಿಪಾಠ ಮಾಡಬಹುದು. ಅದಕ್ಕೆ ನಾನು ಮೂರನೆಯ ಪೀಳಿಗೆ ಕೇಳುತ್ತೇನೆ. ಕಾಲು ಭಾಗ ನಡುತೂಕ, ಮುಕ್ಕಾಲು ಹಗುರ. ಹಳೆಯ ಎರಡು ಎಳೆಗಳು ಎಲ್ಲಿಗೂ ಹೋಗುವುದಿಲ್ಲ ಎಂದು ಅರ್ಥವಾದವರಿಗೆ ಇದು ಅರ್ಧ ನಿಮಿಷದ ಕೆಲಸ. ಜತೆಗೆ ಇನ್ನೊಂದು: ಒಂದನೇ ಪೀಳಿಗೆಯ ಡಿಎನ್‌ಎಯನ್ನು ಕಾಯಿಸಿ ಎಳೆಗಳನ್ನು ಬಿಡಿಸಿದರೆ ಏನು ಕಾಣುತ್ತದೆ? ಅರ್ಧ ಭಾರದ ಎಳೆ, ಅರ್ಧ ಹಗುರದ ಎಳೆ. ಪ್ರತಿ ಎಳೆಯೂ ಹಳೆಯದು ಹೊಸದು ಕಲಸಿ ಆಗಿದ್ದರೆ ಹೀಗೆ ಬೇರೆಯಾಗುತ್ತಿರಲಿಲ್ಲ, ಅಲ್ವಾ? ಇಲ್ಲಿವರೆಗೆ ಬಂದ ವಿದ್ಯಾರ್ಥಿಗೆ ಪ್ರಯೋಗ ಯಾಕೆ ಮಾಡಿದರು ಎಂಬುದೇ ಗೊತ್ತಾಗಿರುತ್ತದೆ.

ಒಂದು ತಪ್ಪನ್ನೂ ಹೇಳಬೇಕು. ಒಂದು ಗ್ಲೂಕೋಸ್ ಪೂರ್ತಿ ಉರಿದರೆ ಎಷ್ಟು ಎಟಿಪಿ (ಕೋಶ ಶಕ್ತಿಗೆ ಬಳಸುವ ಅಣು) ಎಂದು ಕೇಳಿ, ಉತ್ತರ 38 ಎಂದು ಇಟ್ಟಿದ್ದೆ. ಪ್ರತಿ ಪರೀಕ್ಷೆಯ ನಂತರ ಹೆಚ್ಚು ಅಂಕ ಪಡೆದ 27% ಮತ್ತು ಕಡಿಮೆ ಅಂಕ ಪಡೆದ 27% ವಿದ್ಯಾರ್ಥಿಗಳನ್ನು ಪ್ರಶ್ನೆವಾರು ಹೋಲಿಸುತ್ತೇನೆ. ಈ ಪ್ರಶ್ನೆಯಲ್ಲಿ ಲೆಕ್ಕ ತಲೆಕೆಳಗಾಗಿತ್ತು. ಚೆನ್ನಾಗಿ ಓದುವವರೇ ತಪ್ಪು ಮಾಡಿದ್ದರು. ನೋಡಿದರೆ ಅವರು ಬರೆದಿದ್ದು 30 ಅಥವಾ 32. ಅವರದೇ ಸರಿ. ಒಂದು ಎನ್‌ಎಡಿಎಚ್‌ಗೆ (ಎಲೆಕ್ಟ್ರಾನ್‌ಗಳನ್ನು ಹೊತ್ತೊಯ್ಯುವ ಅಣು) 3 ಎಟಿಪಿ ಎಂಬುದು ಹಳೆಯ ಲೆಕ್ಕ, ಈಗ ಸುಮಾರು 2.5 ಎಂದು ಹಿಡಿಯುತ್ತಾರೆ. ಅವರೆಲ್ಲರಿಗೂ ಅಂಕ ಕೊಟ್ಟು ಕ್ಷಮೆ ಕೇಳಿದೆ. ಈಗ ಅದೇ ವಿಷಯವನ್ನು ತಿರುಗಿಸಿ ಕೇಳುತ್ತೇನೆ: 30 ಮತ್ತು 32 ಎಂಬ ಎರಡು ಸಂಖ್ಯೆ ಯಾಕೆ ಬರುತ್ತವೆ? ಮೈಟೋಕಾಂಡ್ರಿಯದ ಹೊರಗೆ ಗ್ಲೂಕೋಸ್ ಒಡೆಯುವ ಮೊದಲ ಹಂತವಾದ ಗ್ಲೈಕಾಲಿಸಿಸ್‌ನಲ್ಲಿ ಹುಟ್ಟುವ 2 ಎನ್‌ಎಡಿಎಚ್‌ನ ಎಲೆಕ್ಟ್ರಾನ್‌ಗಳು ಯಾವ ದಾರಿಯಲ್ಲಿ ಮೈಟೋಕಾಂಡ್ರಿಯ ಸೇರುತ್ತವೆ ಎಂಬುದರಲ್ಲಿ ಉತ್ತರ ಇದೆ.

ಚಿಕ್ಕ ಪ್ರಶ್ನೆಗಳಲ್ಲಿ ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿದ್ದು ಡಿಎನ್‌ಪಿ ಎಂಬ ವಿಷದ ಪ್ರಶ್ನೆ. ಜೀವಕೋಶಕ್ಕೆ ಡಿಎನ್‌ಪಿ ಸೇರಿಸಿದರೆ ಆಮ್ಲಜನಕದ ಬಳಕೆ ಏನಾಗುತ್ತದೆ, ಎಟಿಪಿ ಏನಾಗುತ್ತದೆ? ವಿಷ ಎಂದ ಕೂಡಲೇ ಎರಡೂ ಇಳಿಯುತ್ತವೆ ಎನ್ನುವವರು ಬಹಳ. ಸಯನೈಡ್‌ಗೆ ಅದು ಸರಿ. ಡಿಎನ್‌ಪಿ ಪ್ರೋಟಾನ್‌ಗಳನ್ನು ಪೊರೆಯ ಮೂಲಕ ಸೋರಿಸುತ್ತದೆ. ಹಾಗಾಗಿ ಎಟಿಪಿ ಇಳಿಯುತ್ತದೆ, ಆಮ್ಲಜನಕದ ಬಳಕೆ ಏರುತ್ತದೆ, ಶಕ್ತಿ ಶಾಖವಾಗಿ ಹೋಗುತ್ತದೆ. ಉತ್ತರದ ಕೆಳಗೆ ಒಂದೇ ಸಾಲಿನಲ್ಲಿ 'ಯಾಕೆ' ಎಂದು ಬರೆಯಬೇಕು, ಅದಕ್ಕೂ ಅಂಕ. ತಿದ್ದುವ ಸಮಯ ದುಪ್ಪಟ್ಟಾಗುತ್ತದೆ, ನಿಜ. ಆದರೆ ಆ ಒಂದು ಸಾಲನ್ನು ನಾನು ಬಿಡುವುದಿಲ್ಲ.

ಲ್ಯಾಕ್ ಆಪರಾನ್ (ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ಬಳಸಲು ಬೇಕಾದ ಜೀನ್‌ಗಳ ಗುಂಪು) ಮೇಲೆ ಮಾತ್ರ ನನಗೆ ಒಪ್ಪುವ ಪ್ರಶ್ನೆ ಇನ್ನೂ ಸಿಕ್ಕಿಲ್ಲ. ಈ ಜೀನ್‌ಗಳನ್ನು ತಡೆಯುವ ರಿಪ್ರೆಸರ್ ಪ್ರೋಟೀನ್ ಕೋಶದಲ್ಲಿ ಓಡಾಡಿ ಬೇರೆ ಡಿಎನ್‌ಎಗೂ ಅಂಟಬಲ್ಲದು, ಅದು ಅಂಟುವ ಡಿಎನ್‌ಎ ಭಾಗವಾದ ಆಪರೇಟರ್ ತನ್ನ ಪಕ್ಕದ ಜೀನ್‌ಗಳನ್ನಷ್ಟೇ ಹಿಡಿದಿಡುತ್ತದೆ. ಈ ವ್ಯತ್ಯಾಸ ತಿಳಿದಿದೆಯೇ ಎಂದು ನೋಡಬೇಕು. ಆದರೆ ಮಕ್ಕಳು ಪ್ರಶ್ನೆಯಲ್ಲಿ ಜೀನ್ ಸರಿಯಿದೆಯೋ ಕೆಟ್ಟಿದೆಯೋ ಎಂದು ತೋರಿಸುವ ಪ್ಲಸ್, ಮೈನಸ್ ಗುರುತುಗಳಲ್ಲೇ ಸಿಕ್ಕಿಬೀಳುತ್ತಾರೆ. ಈ ಸಲ ಒಂದೂ ಗುರುತಿಲ್ಲದೆ, ಬರೀ ಮಾತಿನಲ್ಲಿ ಬರೆದಿದ್ದೇನೆ. ಮುಂದಿನ ವಾರ ತರಗತಿಯಲ್ಲಿ ಕೇಳಿ, ತಪ್ಪು ಉತ್ತರಗಳನ್ನು ನೋಟ್‌ಬುಕ್ಕಿಗೆ ಸೇರಿಸಬೇಕು.