ನಾಲ್ವರು ಗಾರ್ಡ್‌ಗಳು, ಆರು ಜೋಡಿಗಳು

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಹಗಲು ಗಣಿತ ಪಾಠ ಹೇಳುವುದು, ಸಂಜೆ ಅಲ್ಲಿಯ ಬಾಸ್ಕೆಟ್‌ಬಾಲ್ ತಂಡಕ್ಕೆ ತರಬೇತಿ ಕೊಡುವುದು ನನ್ನ ಕೆಲಸ. ಈ ಎರಡೂ ಕೆಲಸಗಳು ಬಹಳ ವರ್ಷ ಒಂದನ್ನೊಂದು ಮುಟ್ಟದೆಯೇ ನಡೆದವು. ತಂಡದಲ್ಲಿ ನಾಲ್ವರು ಗಾರ್ಡ್‌ಗಳಿದ್ದರು, ಎಂದರೆ ಚೆಂಡನ್ನು ಮುಂದಕ್ಕೆ ಒಯ್ದು ಆಟ ಕಟ್ಟುವ, ದೂರದಿಂದ ಶಾಟ್ ಹಾಕುವ ಆಟಗಾರರು. ಅವರನ್ನು ಇಲ್ಲಿ ಜೆರ್ಸಿಯ ನಂಬರಿನಿಂದಲೇ ಕರೆಯುತ್ತೇನೆ. ನಾಲ್ಕು ಮತ್ತು ಏಳನೆಯ ನಂಬರಿನವರು ಅಂತಿಮ ವರ್ಷದ ಹುಡುಗರು, ಒಂಬತ್ತು ಮತ್ತು ಹನ್ನೊಂದನೆಯ ನಂಬರಿನವರು ಅವರಿಗಿಂತ ಕಿರಿಯರು. ಪ್ರತಿ ಪಂದ್ಯವನ್ನೂ ಹಿರಿಯರಿಬ್ಬರಿಂದ ಆರಂಭಿಸಿ, ಎರಡನೆಯ ಕ್ವಾರ್ಟರ್ ಶುರುವಾಗುವಾಗ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಕಿರಿಯರಿಬ್ಬರನ್ನು ಒಟ್ಟಿಗೆ ಇಳಿಸುವುದು ನಮ್ಮ ರೂಢಿಯಾಗಿತ್ತು. ಗಳಿಸಿದ ಮುನ್ನಡೆ ಕೈಬಿಟ್ಟು ಹೋಗುತ್ತಿದ್ದದ್ದು ಹೆಚ್ಚಾಗಿ ಆ ಐದಾರು ನಿಮಿಷಗಳಲ್ಲೇ. ಹನ್ನೊಂದನೆಯವನ ಕೈಯಲ್ಲಿ ಚೆಂಡು ನಿಲ್ಲುವುದಿಲ್ಲ ಎಂದು ಬೆಂಚಿನಲ್ಲಿ ಎಲ್ಲರೂ ತೀರ್ಮಾನಿಸಿದ್ದರು. ನಾನೂ ಹಾಗೆಯೇ ನಂಬಿದ್ದೆ.

ಆ ನಂಬಿಕೆಗೆ ಆಧಾರವೇನೆಂದು ನೋಡಲು ಹಳೆಯ ಸ್ಕೋರ್‌ಶೀಟ್‌ಗಳನ್ನು ತೆಗೆದಾಗ ಅವುಗಳಿಂದ ಸಿಗುವ ಮಾಹಿತಿ ಎಷ್ಟು ಕಡಿಮೆ ಎಂಬುದು ಅರಿವಾಯಿತು. ಯಾರು ಎಷ್ಟು ಪಾಯಿಂಟ್ ಗಳಿಸಿದರು, ಯಾರು ಎಷ್ಟು ಫೌಲ್ ಮಾಡಿದರು ಎಂಬುದು ಅದರಲ್ಲಿ ಸಿಗುತ್ತದೆ. ತಪ್ಪಿದ ಶಾಟ್, ಕಳೆದುಕೊಂಡ ಚೆಂಡು, ಆಟಗಾರ ಹೊರಗೆ ಬಂದು ಕೂತ ಹೊತ್ತು ಇವು ಯಾವುವೂ ಸಿಗುವುದಿಲ್ಲ. ಹಾಗಾಗಿ ಹೊಸದಾಗಿ ಎಣಿಸಲೇಬೇಕಾಯಿತು. ಪ್ರಥಮ ವರ್ಷದ ಇಬ್ಬರು ಹುಡುಗರನ್ನು ಒಂದು ಉದ್ದನೆಯ ಲೆಕ್ಕದ ಪುಸ್ತಕದೊಂದಿಗೆ ಕೂರಿಸಿದೆ. ಒಬ್ಬ ನೋಡಿ ಹೇಳುವುದು, ಇನ್ನೊಬ್ಬ ಬರೆಯುವುದು. ಹೇಳುವವನೇ ಬರೆಯಲು ಹೊರಟರೆ ತಲೆ ತಗ್ಗಿಸಿದ ಗಳಿಗೆಯಲ್ಲೇ ಚೆಂಡು ಕೈ ಬದಲಾಗಿರುತ್ತದೆ ಎಂಬುದು ಮೊದಲ ಪಂದ್ಯದಲ್ಲೇ ತಿಳಿದಿತ್ತು. ಜೊತೆಗೆ ಕೋರ್ಟಿನ ಮೂಲೆಯಲ್ಲಿ ಒಂದು ಮೊಬೈಲ್ ನಿಲ್ಲಿಸಿ ಇಡೀ ಪಂದ್ಯವನ್ನು ಚಿತ್ರೀಕರಿಸಿ, ಅನುಮಾನ ಬಂದಲ್ಲಿ ರಾತ್ರಿ ಅದನ್ನು ನೋಡಿ ತಿದ್ದುತ್ತಿದ್ದೆವು.

ಎಣಿಕೆಯ ಮೂಲಮಾನವಾಗಿ ನಿಮಿಷದ ಬದಲು ಪೊಸೆಷನ್ ಅನ್ನು, ಎಂದರೆ ಚೆಂಡು ನಮ್ಮ ಕೈಗೆ ಬಂದಲ್ಲಿಂದ ಎದುರಾಳಿಯ ಕೈಗೆ ಹೋಗುವವರೆಗಿನ ಒಂದು ಅವಕಾಶವನ್ನು ಇಟ್ಟುಕೊಂಡೆ. ಓಡಿಸಿ ಆಡುವ ಜೋಡಿಗೂ ನಿಧಾನವಾಗಿ ಕಟ್ಟಿ ಆಡುವ ಜೋಡಿಗೂ ಹತ್ತು ನಿಮಿಷದಲ್ಲಿ ಸಿಗುವ ಅವಕಾಶಗಳು ಒಂದೇ ಆಗಿರುವುದಿಲ್ಲವಾದ್ದರಿಂದ ನಿಮಿಷದ ಲೆಕ್ಕ ದಾರಿ ತಪ್ಪಿಸುತ್ತದೆ. ಹಾಕಿದ ಶಾಟ್‌ಗಳಿಗೆ ಟರ್ನೋವರ್‌ಗಳನ್ನೂ (ಶಾಟ್ ಹಾಕದೆಯೇ ಕಳೆದುಕೊಂಡ ಚೆಂಡುಗಳು) ಫೌಲ್‌ನಿಂದ ಸಿಕ್ಕ ಫ್ರೀ ಥ್ರೋಗಳ 0.44 ಪಾಲನ್ನೂ ಕೂಡಿಸಿ, ಆಫೆನ್ಸಿವ್ ರಿಬೌಂಡ್‌ಗಳನ್ನು (ನಮ್ಮ ಶಾಟ್ ತಪ್ಪಿದಾಗ ನಾವೇ ಮತ್ತೆ ಹಿಡಿದ ಚೆಂಡುಗಳು) ಕಳೆದರೆ ಪೊಸೆಷನ್‌ಗಳ ಅಂದಾಜು ಸಿಗುತ್ತದೆಂಬ ಸೂತ್ರ ಪ್ರಸಿದ್ಧವಾದುದು. ಆದರೆ ಆ 0.44 ಅಮೆರಿಕದ ವೃತ್ತಿಪರ ಆಟದಿಂದ ಬಂದ ಸಂಖ್ಯೆ. ನಮ್ಮ ಹುಡುಗರ ಆಟಕ್ಕೆ ಅದು ಹೊಂದಲೇಬೇಕೆಂದಿಲ್ಲ. ವಿಡಿಯೊ ಇದ್ದದ್ದರಿಂದ ಪೊಸೆಷನ್‌ಗಳನ್ನು ನೇರವಾಗಿ ಎಣಿಸಿ, ಸೂತ್ರವನ್ನು ತಾಳೆ ನೋಡಲು ಮಾತ್ರ ಬಳಸಿದೆ.

ಡೀನ್ ಆಲಿವರ್ ಎಂಬ ಅಮೆರಿಕದ ವಿಶ್ಲೇಷಕ ಪಂದ್ಯದ ಗೆಲುವನ್ನು ನಾಲ್ಕು ಅಂಶಗಳಾಗಿ ಬಿಡಿಸುತ್ತಾರೆ: ಶಾಟ್‌ಗಳ ಫಲ, ಟರ್ನೋವರ್, ಆಫೆನ್ಸಿವ್ ರಿಬೌಂಡ್, ಫ್ರೀ ಥ್ರೋ. ಗಾರ್ಡ್‌ಗಳ ಮಟ್ಟಿಗೆ ಮೊದಲೆರಡೇ ಮುಖ್ಯವೆಂದು ನಾನು ಅವನ್ನೇ ಹಿಡಿದುಕೊಂಡೆ. ಶಾಟ್‌ಗಳ ಫಲವನ್ನು ಲೆಕ್ಕ ಹಾಕುವಾಗ ಬಿದ್ದ ಪ್ರತಿ ಮೂರು ಪಾಯಿಂಟಿನ ಶಾಟನ್ನು ಒಂದೂವರೆಯೆಂದು ಎಣಿಸಬೇಕು. ಒಬ್ಬನು 15 ಶಾಟ್ ಹಾಕಿ ಎರಡು ಪಾಯಿಂಟಿನ ಆರು ಬುಟ್ಟಿ ಗಳಿಸಿದರೆ ಅವನ ಪಾಯಿಂಟ್ 12, ಫಲ ಶೇಕಡಾ 40. ಇನ್ನೊಬ್ಬನು ಎಂಟೇ ಶಾಟ್ ಹಾಕಿ ಎರಡು ಪಾಯಿಂಟಿನವು ಎರಡು, ಮೂರು ಪಾಯಿಂಟಿನವು ಎರಡು ಗಳಿಸಿದರೆ ಪಾಯಿಂಟ್ 10, ಫಲ ಶೇಕಡಾ 62.5. ಮರುದಿನ ಕಾಲೇಜಿನಲ್ಲಿ ಮಾತಾಗುವುದು ಮೊದಲನೆಯವನ ಹೆಸರೇ. ನಮ್ಮ ನಾಲ್ಕನೆಯವನಿಗೂ ಒಂಬತ್ತನೆಯವನಿಗೂ ಇದ್ದ ವ್ಯತ್ಯಾಸ ಹೆಚ್ಚುಕಡಿಮೆ ಈ ಬಗೆಯದೇ ಆಗಿತ್ತು.

ಆಮೇಲೆ ಪ್ಲಸ್–ಮೈನಸ್ ಲೆಕ್ಕಕ್ಕೆ ಬಂದೆ. ಐಸ್ ಹಾಕಿಯಿಂದ ಬಾಸ್ಕೆಟ್‌ಬಾಲಿಗೆ ಬಂದ ಈ ಕ್ರಮದಲ್ಲಿ, ಆಟಗಾರ ಕೋರ್ಟಿನಲ್ಲಿದ್ದಾಗ ನಮ್ಮ ತಂಡ ಗಳಿಸಿದ ಪಾಯಿಂಟ್‌ಗಳಿಂದ ಎದುರಾಳಿ ಗಳಿಸಿದ್ದನ್ನು ಕಳೆಯುತ್ತಾರೆ. ಏಳನೆಯವನು ಇದರಲ್ಲಿ ಎಲ್ಲರಿಗಿಂತ ಮೇಲೆ ನಿಂತ; ಹನ್ನೊಂದನೆಯವನು ತಳದಲ್ಲಿ. ಬೆಂಚಿನ ತೀರ್ಮಾನವನ್ನು ಅಂಕಿಗಳೂ ಒಪ್ಪಿದವೆಂದು ನಾನು ಪುಸ್ತಕ ಮುಚ್ಚುವುದರಲ್ಲಿದ್ದೆ. ಆದರೆ ಏಳನೆಯವನ ಬಹುಪಾಲು ಆಟ ನಮ್ಮ ಎತ್ತರದ ಸೆಂಟರ್ ಆಟಗಾರನ ಜೊತೆಯಲ್ಲೇ ನಡೆದಿತ್ತು, ಹನ್ನೊಂದನೆಯವನು ಇಳಿಯುವ ಹೊತ್ತಿಗೆ ಆ ಸೆಂಟರ್ ಕೂಡ ಬೆಂಚಿನಲ್ಲಿ ನೀರು ಕುಡಿಯುತ್ತಿದ್ದ. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬೇರೆ ಬೇರೆ ಬಗೆಯ ಅಡಿಕೆಯನ್ನೆಲ್ಲ ಒಂದೇ ಚೀಲಕ್ಕೆ ಸುರಿದು ದರ ಕಟ್ಟಿದಂತಹ ಲೆಕ್ಕ ನನ್ನದಾಗಿತ್ತು.

ಆದ್ದರಿಂದ ಚೀಲ ಬಿಚ್ಚಿ ಬೇರೆ ಮಾಡಬೇಕಾಯಿತು. ನಾಲ್ವರು ಗಾರ್ಡ್‌ಗಳಿಂದ ಆರು ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ಎಕ್ಸೆಲ್‌ನಲ್ಲಿ ಒಂದು ಸಾಲು ಇಟ್ಟು, ಸೆಂಟರ್ ಇದ್ದಾಗ, ಇಲ್ಲದಾಗ ಎಂದು ಅದನ್ನು ಎರಡಾಗಿ ಸೀಳಿದೆ. ಟರ್ನೋವರ್ ಎಲ್ಲಿ ಆಯಿತೆಂಬುದನ್ನೂ, ನಮ್ಮ ಅರ್ಧದಲ್ಲೋ ಅವರ ಅರ್ಧದಲ್ಲೋ ಎಂದು, ವಿಡಿಯೊ ನೋಡಿ ತುಂಬಿದೆ. ಹನ್ನೊಂದನೆಯವನ ಕಥೆ ತಿರುಗಿದ್ದು ಇಲ್ಲಿಯೇ. ಅವನು ಕಳೆದುಕೊಂಡ ಚೆಂಡುಗಳಲ್ಲಿ ಬಹುಪಾಲು ನಮ್ಮದೇ ಅರ್ಧದಲ್ಲಿ, ಅದೂ ಒಂಬತ್ತನೆಯವನು ಜೊತೆಗಿದ್ದಾಗ ಹೋಗಿದ್ದವು. ಚೆಂಡನ್ನು ಎಂಟು ಸೆಕೆಂಡಿನೊಳಗೆ ನಡುಗೆರೆ ದಾಟಿಸಬೇಕೆಂಬುದು ನಿಯಮ. ನಮ್ಮ ಕಿರಿಯರು ಇಳಿದ ಕೂಡಲೇ ಎದುರಾಳಿಗಳು ಇಡೀ ಕೋರ್ಟಿನಲ್ಲಿ ಪ್ರೆಸ್ ಹಾಕುತ್ತಿದ್ದರು, ಎಂದರೆ ನಮ್ಮ ಅರ್ಧದಲ್ಲೇ ಬಂದು ಚೆಂಡಿದ್ದವನನ್ನು ಒತ್ತುತ್ತಿದ್ದರು. ಒಂಬತ್ತನೆಯವನು ಶೂಟರ್, ಪಾಸ್ ಕೊಟ್ಟವನೇ ಮುಂದಿನ ಮೂಲೆಗೆ ಓಡಿಬಿಡುತ್ತಿದ್ದ. ಇಬ್ಬರು ಮುತ್ತಿದಾಗ ಹನ್ನೊಂದನೆಯವನಿಗೆ ಚೆಂಡು ಹಿಂದಿರುಗಿಸಲು ಯಾರೂ ಉಳಿಯುತ್ತಿರಲಿಲ್ಲ. ನಾಲ್ಕನೆಯವನು ಪಕ್ಕದಲ್ಲಿದ್ದ ಅಲ್ಪಸ್ವಲ್ಪ ಪೊಸೆಷನ್‌ಗಳಲ್ಲಿ ಅದೇ ಹುಡುಗ ಪ್ರೆಸ್ ಅನ್ನು ಸಲೀಸಾಗಿ ದಾಟಿಸಿದ್ದ.

ಮಲೆನಾಡಿನಲ್ಲಿ ಇಂಥ ಲೆಕ್ಕಕ್ಕೆ ಇನ್ನೊಂದು ತೊಡಕಿದೆ. ನಾವು ಆಡುವುದು ಹೆಚ್ಚಾಗಿ ಬಯಲಿನ ಸಿಮೆಂಟ್ ಕೋರ್ಟ್‌ಗಳಲ್ಲಿ. ಜೂನ್‌ನಲ್ಲಿ ಮಳೆ ಹಿಡಿದರೆ ಅಂಚುಗಳಲ್ಲಿ ಪಾಚಿ ಕಟ್ಟುತ್ತದೆ, ಹೊಳವಾದ ದಿನವೂ ಚೆಂಡು ತಣ್ಣಗೆ ಜಾರುತ್ತಿರುತ್ತದೆ. ಸಾಗರದ ಕಡೆ ಸೋನೆ ಮಳೆಯಲ್ಲೇ ಮುಗಿಸಿದ ಒಂದು ಪಂದ್ಯದಲ್ಲಿ ಏಳನೆಯವನು ಬೇಗನೆ ಫೌಲ್‌ಗಳಿಗೆ ಸಿಕ್ಕಿ ಕೂತಿದ್ದರಿಂದ ಕಿರಿಯರೇ ಹೆಚ್ಚು ಹೊತ್ತು ಆಡಿದ್ದರು, ಒದ್ದೆ ಚೆಂಡಿನ ಪಾಪವೆಲ್ಲ ಅವರ ಖಾತೆಗೆ ಬಿದ್ದಿತ್ತು. ಆ ಪಂದ್ಯವನ್ನು ಬಿಟ್ಟು ಲೆಕ್ಕ ಹಾಕಿದಾಗ ಹಿರಿಯರಿಗೂ ಕಿರಿಯರಿಗೂ ನಡುವಿನ ಅಂತರ ಎದ್ದು ಕಾಣುವಷ್ಟು ಕುಗ್ಗಿತು. ಅಂದಿನಿಂದ ಪುಸ್ತಕದಲ್ಲಿ ಕೋರ್ಟ್ ಒಣಗಿತ್ತೇ ಒದ್ದೆಯಿತ್ತೇ ಎಂಬ ಒಂದು ಕಾಲಂ ಇದೆ.

ಇಷ್ಟಾದರೂ ಗಣಿತದ ಮೇಷ್ಟ್ರಿಗೆ ಸಮಾಧಾನವಿರಲಿಲ್ಲ, ಏಕೆಂದರೆ ಕೈಯಲ್ಲಿದ್ದ ಸಂಖ್ಯೆಗಳು ತೀರ ಚಿಕ್ಕವು. ಒಂದು ಪೊಸೆಷನ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಸೊನ್ನೆ, ಎರಡು ಅಥವಾ ಮೂರು ಪಾಯಿಂಟ್. ಅದರ ಪ್ರಮಾಣಿತ ವಿಚಲನೆಯನ್ನು, ಎಂದರೆ ಸರಾಸರಿಯಿಂದ ಆಗುವ ಏರುಪೇರಿನ ಅಳತೆಯನ್ನು, 1.1 ಎಂದಿಟ್ಟುಕೊಳ್ಳೋಣ. ಒಂದು ಜೋಡಿಗೆ 64 ಪೊಸೆಷನ್ ಸಿಕ್ಕಿದ್ದರೆ 1.1 ಅನ್ನು 64ರ ವರ್ಗಮೂಲವಾದ 8ರಿಂದ ಭಾಗಿಸಬೇಕು, ಎಂದರೆ ಸರಾಸರಿಯ ಅನಿಶ್ಚಿತತೆ ನೂರು ಪೊಸೆಷನ್‌ಗೆ ಸುಮಾರು 14 ಪಾಯಿಂಟ್. ನಾವು ಜೋಡಿ ಜೋಡಿಗಳ ನಡುವೆ ಹುಡುಕುತ್ತಿದ್ದ ವ್ಯತ್ಯಾಸವೇ ಅದಕ್ಕಿಂತ ಕಡಿಮೆಯಿರಬಹುದು. ಇದಕ್ಕೆ ನಾನು ಮಾಡಿಕೊಂಡ ಉಪಾಯ ಸರಳವಾದುದು: ಪ್ರತಿ ಜೋಡಿಯ ಲೆಕ್ಕಕ್ಕೂ ಇಡೀ ತಂಡದ ಸರಾಸರಿಯ ನೂರು ಪೊಸೆಷನ್‌ಗಳನ್ನು ಮೊದಲೇ ಬೆರೆಸಿಬಿಡುವುದು. ತಂಡದ ಸರಾಸರಿ ನೂರಕ್ಕೆ 90 ಇದ್ದು, ಜೋಡಿಯೊಂದು 64 ಪೊಸೆಷನ್‌ಗಳಲ್ಲಿ 70 ಪಾಯಿಂಟ್ ತಂದಿದ್ದರೆ ಅದರ ದರ ನೂರಕ್ಕೆ 109 ಎಂದು ಹಿಗ್ಗುವ ಬದಲು, 164ಕ್ಕೆ 160, ಎಂದರೆ ನೂರಕ್ಕೆ 98 ಎಂದು ಓದುತ್ತೇನೆ. ಹೆಚ್ಚು ಆಡಿದ ಜೋಡಿಯ ಸ್ವಂತ ದನಿ ಹೆಚ್ಚು ಕೇಳಿಸುತ್ತದೆ, ಕಡಿಮೆ ಆಡಿದ್ದು ಸರಾಸರಿಯ ಹತ್ತಿರವೇ ಉಳಿಯುತ್ತದೆ. ನೂರು ಎಂಬುದು ನನ್ನ ಅಂದಾಜು. ಐವತ್ತು ಇಟ್ಟು ನೋಡಿದಾಗಲೂ ಜೋಡಿಗಳ ಅನುಕ್ರಮ ಬದಲಾಗಲಿಲ್ಲವೆಂಬ ಕಾರಣಕ್ಕೆ ಉಳಿಸಿಕೊಂಡೆ.

ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ 2011ರ ಫೈನಲ್‌ ಸರಣಿಯಲ್ಲಿ ಮಯಾಮಿ 2–1ರಿಂದ ಮುಂದಿದ್ದಾಗ ಡಲ್ಲಾಸ್ ತಂಡ ಬೆಂಚಿನ ಗಾರ್ಡ್ ಜೆ.ಜೆ. ಬರೇಯಾ ಅವರನ್ನು ನಾಲ್ಕನೆಯ ಪಂದ್ಯದಿಂದ ಆರಂಭದಲ್ಲೇ ಇಳಿಸಿ, ಮುಂದಿನ ಮೂರನ್ನೂ ಗೆದ್ದು 4–2ರಿಂದ ಪ್ರಶಸ್ತಿ ಪಡೆದದ್ದನ್ನು ನಮ್ಮ ಹುಡುಗರು ಆಗಾಗ ಹೇಳುತ್ತಾರೆ. ಮೂರು ಪಂದ್ಯದ ಫಲಿತಾಂಶ ಪುರಾವೆಯಾಗದೆಂದು ಅವರಿಗೆ ಹೇಳುತ್ತೇನೆ. ಆದರೂ ನನ್ನ ನಿರ್ಧಾರಕ್ಕೂ ಆಧಾರ ತೆಳ್ಳಗೇ ಇತ್ತು. ಧೈರ್ಯ ಬಂದದ್ದು, ಅಂಕಿಯ ಹಿಂದಿನ ಕಾರಣ ವಿಡಿಯೊದಲ್ಲಿ ಕಣ್ಣಿಗೇ ಕಾಣುತ್ತಿದ್ದುದರಿಂದ.

ಹಿರಿಯರಿಬ್ಬರನ್ನು ಬೇರ್ಪಡಿಸಿದೆ. ನಾಲ್ಕನೆಯವನು ಮೊದಲ ಕ್ವಾರ್ಟರಿನ ನಡುವಿನಲ್ಲೇ ಹೊರಬಂದು, ಎರಡನೆಯದರ ಆರಂಭಕ್ಕೆ ಹನ್ನೊಂದನೆಯವನ ಜೊತೆ ಇಳಿಯಬೇಕು. ಒಂಬತ್ತನೆಯವನ ಶೂಟಿಂಗ್ ಏಳನೆಯವನ ಜೊತೆ ಬಳಕೆಯಾಗಬೇಕು. ಹೇಳಿದ ದಿನ ನಾಲ್ಕನೆಯವನು ಅಭ್ಯಾಸ ಮುಗಿದ ಮೇಲೂ ಹೋಗದೆ ನಿಂತು, “ಸರ್, ನಾನೇನ್ ತಪ್ ಮಾಡ್ದೆ?” ಎಂದ. ಪುಸ್ತಕ ತೋರಿಸಿದರೆ ಕೆಲಸವಾಗುತ್ತಿರಲಿಲ್ಲ. ಹನ್ನೊಂದನೆಯವನ ಮೇಲೆ ಇಬ್ಬರು ಮುತ್ತಿದ ತುಣುಕುಗಳನ್ನು ಒಂದಾದ ಮೇಲೊಂದು ತೋರಿಸಿದೆ. ನಾಲ್ಕೈದು ನೋಡಿ, “ಅಲ್ಲಿ ನಾನು ಹಿಂದೆ ನಿಂತ್ಕೋಬೇಕು, ಅಷ್ಟೇ ಅಲ್ವಾ ಸರ್” ಎಂದು ಚೀಲ ಹೆಗಲಿಗೇರಿಸಿದ.

ಎರಡನೆಯ ಕ್ವಾರ್ಟರಿನ ಸೋರಿಕೆ ನಿಂತಿಲ್ಲವಾದರೂ ಕಡಿಮೆಯಾಗಿದೆ. ನಾಲ್ಕು–ಹನ್ನೊಂದು ಜೋಡಿ ಗಿಡ್ಡ. ಭದ್ರಾವತಿಯಲ್ಲಿ ಆಡಿದಾಗ ಎದುರಾಳಿಗಳು ಪ್ರೆಸ್ ಬಿಟ್ಟು, ಎತ್ತರದ ಗಾರ್ಡ್‌ನನ್ನು ಬುಟ್ಟಿಯ ಹತ್ತಿರಕ್ಕೆ ತಂದು ಅವರಿಬ್ಬರ ತಲೆಯ ಮೇಲಿಂದಲೇ ಪಾಯಿಂಟ್ ಗಳಿಸಿದರು. ಬರೆಯುವ ಹುಡುಗರು ಈಗ ಅದಕ್ಕೂ ಒಂದು ಕಾಲಂ ಎಳೆದಿದ್ದಾರೆ.