ಕಾಡಿಗೆ ಹೋಗುವ ಬ್ಯಾಗು ಸದ್ದು ಮಾಡಬಾರದು
ವಿದೇಶಗಳಲ್ಲಿ ಶಿಕಾರಿಗೆ ಅಂತಲೇ ಒಂದು ದಿನದ ಬ್ಯಾಗು ಮಾಡುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಶಿಕಾರಿ ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬ್ಯಾಗುಗಳ ಹಿಂದಿನ ಲೆಕ್ಕಾಚಾರ ನನ್ನಂಥ ಹಕ್ಕಿ ನೋಡುವವರಿಗೆ ಚೆನ್ನಾಗಿ ಒದಗುತ್ತದೆ. ಜಿಂಕೆ ಹತ್ತಿರ ಹೋಗುವವನಿಗೂ ಮಂಗಟ್ಟೆ ಹತ್ತಿರ ಹೋಗುವವಳಿಗೂ ಬೇಕಾದದ್ದು ಒಂದೇ: ಬೆನ್ನ ಮೇಲಿನ ಹೊರೆ ಬಾಯಿ ಮುಚ್ಚಿಕೊಂಡಿರಬೇಕು.

ಹಾಗಾಗಿ ತೀರ್ಥಹಳ್ಳಿ ಕಡೆಯ ನಮ್ಮಂಥವರು ಶಿವಮೊಗ್ಗಕ್ಕೆ ಹೋಗಿ ಬ್ಯಾಗು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬಣ್ಣ ಅಲ್ಲ, ಬಟ್ಟೆ. ಉಗುರಿನಿಂದ ಒಮ್ಮೆ ಗೀರಿ. ಚರ್ ಅಂತ ಕೇಳಿದರೆ ಲಂಟಾನ ಪೊದೆ ತಾಗಿದಾಗಲೂ ಅದೇ ಸದ್ದು. ಶಿಕಾರಿ ಬ್ಯಾಗುಗಳಿಗೆ ಸ್ವೆಟರಿನ ಹಾಗೆ ನವಿರು ಜುಂಗಿರುವ ಬಟ್ಟೆ ಹಾಕುವುದುಂಟು. ಸದ್ದೇ ಇಲ್ಲ, ನಿಜ. ಆದರೆ ನಮ್ಮ ಮಳೆಗೆ ಅದು ನೀರು ಕುಡಿದು ಕೂತುಬಿಡುತ್ತದೆ. ನಮಗೆ ಮೆತ್ತಗಿನ ನೈಲಾನೇ ಸರಿ. ಜೇಬುಗಳಿಗೆ ವೆಲ್ಕ್ರೋ ಇದ್ದರೆ ಬೇಡ. ಅದನ್ನು ಕಿತ್ತು ಬೈನಾಕ್ಯುಲರ್ ತೆಗೆಯುವಷ್ಟರಲ್ಲಿ ಕಾಡುಕೋಳಿ ಪೊದೆ ಸೇರಿರುತ್ತದೆ. ಜಿಪ್ಪಿನ ಲೋಹದ ತುಂಡು ಟಿಣ್ ಟಿಣ್ ಅನ್ನುತ್ತಿದ್ದರೆ ಅದನ್ನು ತೆಗೆದು ದಾರ ಕಟ್ಟಿಕೊಳ್ಳಿ, ಅಷ್ಟಕ್ಕಾಗಿ ಒಳ್ಳೆ ಬ್ಯಾಗು ಬಿಡಬೇಕಿಲ್ಲ.

ಅಳತೆ 20ರಿಂದ 25 ಲೀಟರ್ ಸಾಕು. ಎರಡು ಲೀಟರ್ ನೀರು, ಬಾಳೆಎಲೆಯಲ್ಲಿ ಕಟ್ಟಿದ ಕಡುಬು, ಮಳೆ ಅಂಗಿ, ಟಾರ್ಚು, ಔಷಧಿ ಪೊಟ್ಟಣ, ಇಂಬಳಕ್ಕೆ ಒಂದಿಷ್ಟು ಉಪ್ಪು. ಇನ್ನೇನು ಬೇಕು? ದೊಡ್ಡದು ತಂದರೆ ಜಾಗ ಇದೆಯಲ್ಲ ಅಂತ ಮನೆಯವರೆಲ್ಲ ತಮ್ಮ ತಮ್ಮ ಸಾಮಾನು ತುರುಕುತ್ತಾರೆ.

ಇನ್ನು ಹೊಂದಾಣಿಕೆ. ಇದರಲ್ಲಿ ಅವಸರ ಬೇಡ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬಿ ಸಿಗುತ್ತದೆ. ಸೊಂಟದ ಎರಡೂ ಕಡೆ ಕೈ ಇಟ್ಟರೆ ಮೂಳೆಯ ಮೇಲಂಚು ಸಿಗುತ್ತದೆ. ಆ ಉಬ್ಬಿನಿಂದ ಈ ಅಂಚಿನ ಮಟ್ಟದವರೆಗೆ ಬೆನ್ನಿನ ಉದ್ದವನ್ನು ಟೈಲರ್ ಟೇಪಿನಲ್ಲಿ ಯಾರಿಂದಲಾದರೂ ಅಳೆಸಿ. ಬ್ಯಾಗು ಕೂರಬೇಕಾದದ್ದು ಈ ಉದ್ದಕ್ಕೆ, ನಿಮ್ಮ ಎತ್ತರಕ್ಕಲ್ಲ. ಎತ್ತರದವರಿಗೂ ಬೆನ್ನು ಗಿಡ್ಡ ಇರಬಹುದು.

ಖಾಲಿ ಬ್ಯಾಗು ಹಾಕಿ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ನಾನು ಅಂಗಡಿಗೆ ಹೋಗುವಾಗ ಮೂರು ಕಿಲೋ ಅಕ್ಕಿ, ಎರಡು ಲೀಟರ್ ನೀರು ತೆಗೆದುಕೊಂಡು ಹೋಗುತ್ತೇನೆ. ಅಂಗಡಿಯವರು ನಗುತ್ತಾರೆ, ನಗಲಿ. ಐದು ಕಿಲೋ ತುಂಬಿ ಮೊದಲು ಸೊಂಟದ ಪಟ್ಟಿ ಬಿಗಿಯಿರಿ, ಆಮೇಲೆ ಹೆಗಲಿನದು, ಕೊನೆಗೆ ಎದೆಯದು. ಹೊರೆ ಸೊಂಟದ ಮೂಳೆಯ ಮೇಲೆ ಕೂತಿರಬೇಕು. ಪಟ್ಟಿ ಹೊಟ್ಟೆಗೆ ಏರಿದರೆ ಬ್ಯಾಗು ನಿಮ್ಮ ಬೆನ್ನಿಗೆ ಗಿಡ್ಡ. ಹೆಂಗಸರು ಇನ್ನೊಂದು ನೋಡಿ. ಎಷ್ಟೋ ಬ್ಯಾಗುಗಳಲ್ಲಿ ಹೆಗಲ ಪಟ್ಟಿಗಳ ನಡುವಿನ ಅಂತರ ನಮಗೆ ಜಾಸ್ತಿ, ಪಟ್ಟಿ ಭುಜದ ತುದಿಗೆ ಜಾರುತ್ತದೆ. ಎದೆಯ ಪಟ್ಟಿಯನ್ನು ಮೇಲೆ ಕೆಳಗೆ ಸರಿಸಲು ಬರುವಂಥದ್ದೇ ಆರಿಸಿ. ಹಾಕಿಕೊಂಡೇ ಹತ್ತು ನಿಮಿಷ ಓಡಾಡಿ, ಬಗ್ಗಿ, ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ.

ಮಳೆಯ ವಿಷಯಕ್ಕೆ ಬಂದರೆ, ಆಗುಂಬೆಯ ವರ್ಷದ ಸರಾಸರಿಯೇ 7000 ಮಿಲಿಮೀಟರಿಗಿಂತ ಹೆಚ್ಚು. ಅದರ ಮುಂದೆ ‘ವಾಟರ್‌ಪ್ರೂಫ್’ ಚೀಟಿಯನ್ನು ನಂಬಬೇಡಿ, ಹೊಲಿಗೆಯಿಂದ ನೀರು ಇಳಿದೇ ಇಳಿಯುತ್ತದೆ. ಮೇಲೆ ಹೊದಿಸುವ ಕವರ್ ಗಾಳಿಗೆ ಪಟಪಟ ಅನ್ನುತ್ತದೆ, ಬೆನ್ನ ಕಡೆಯಿಂದ ಇಳಿಯುವ ನೀರನ್ನೂ ತಡೆಯುವುದಿಲ್ಲ. ನಾನು ಬ್ಯಾಗಿನ ಒಳಗೆ ಅಡಿಕೆ ಕೊನೆಗೆ ಕಟ್ಟುವ ಪ್ಲಾಸ್ಟಿಕ್ ಕೊಟ್ಟೆ ಇಟ್ಟು, ಸಾಮಾನು ಅದರಲ್ಲಿ ಹಾಕಿ ಬಾಯಿ ಸುರುಳಿ ಸುತ್ತುತ್ತೇನೆ. ಕೊಳೆರೋಗಕ್ಕೆ ತಂದು ಉಳಿದದ್ದು ಮನೆಯಲ್ಲಿ ಇದ್ದೇ ಇರುತ್ತದೆ. ಬ್ಯಾಗಿನ ತಳದಲ್ಲಿ ನೀರು ಇಳಿಯುವ ತೂತು ಇದ್ದರೆ ಇನ್ನೂ ಒಳ್ಳೆಯದು.

ಬ್ಯಾಗಿನ ನೆತ್ತಿಯಲ್ಲಿ ಗಟ್ಟಿ ಕುಣಿಕೆ ಇರಲೇಬೇಕು, ಕೊಂಬೆಗೆ ನೇತುಹಾಕಲು. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದ್ದು. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಜಾಸ್ತಿ. ಆ ದಿನಗಳಲ್ಲಿ ದರಗಿನ ಮೇಲೆ ಬ್ಯಾಗು ಇಟ್ಟು ಪಕ್ಕದಲ್ಲಿ ಕೂತರೆ ಉಣುಗು ಬ್ಯಾಗಿನ ಜೊತೆ ಮನೆಗೇ ಬರುತ್ತದೆ. ಬ್ಯಾಗಿನ ಒಳಬಟ್ಟೆ ತಿಳಿ ಬಣ್ಣದ್ದಾದರೆ ಹುಡುಕಿ ತೆಗೆಯುವುದು ಸುಲಭ. ಕಪ್ಪಿನ ಮೇಲೆ ಎಳ್ಳುಕಾಳಿನಷ್ಟು ಹುಳ ಎಲ್ಲಿ ಕಾಣುತ್ತೆ?

ಹೊರಗಿನ ಬಣ್ಣ ಮಣ್ಣಿನದೋ ಮಾಸಲು ಹಸಿರೋ ಇರಲಿ. ಮಿಲಿಟರಿ ಚಿತ್ತಾರ ಮಾತ್ರ ಬೇಡ, ಅರಣ್ಯ ಇಲಾಖೆಯವರು ಎದುರಾದರೆ ಸುಮ್ನೆ ಹತ್ತು ಪ್ರಶ್ನೆ. ಅಮೆರಿಕದ ಬಹಳಷ್ಟು ಕಡೆ ಶಿಕಾರಿಯವರು ಕಣ್ಣಿಗೆ ಹೊಡೆಯುವ ಕಿತ್ತಳೆ ಬಟ್ಟೆ ಹಾಕಲೇಬೇಕು, ಇನ್ನೊಬ್ಬನ ಗುಂಡು ತಾಗದಿರಲಿ ಅಂತ. ನಮಗೆ ಆ ಭಯ ಇಲ್ಲದಿದ್ದರೂ ಒಂದು ಕೆಂಪು ಟವೆಲ್ ಒಳಗಿರಲಿ. ಮಂಜು ಕವಿದಾಗ ಬ್ಯಾಗಿಗೆ ಕಟ್ಟಿಕೊಂಡರೆ ಹಿಂದೆ ಬರುವವರಿಗೆ ಕಾಣುತ್ತೀರಿ.

ದುಡ್ಡು ಕೊಡುವ ಮೊದಲು ಒಳಗೆ ಕೈ ಹಾಕಿ ತಳ ಮುಟ್ಟಿ ನೋಡಿ. ಒಳಲೇಪ ಅಂಟಂಟಾಗಿದ್ದರೆ, ಪುಡಿ ಉದುರಿದರೆ, ಹುಳಿ ವಾಸನೆ ಬಂದರೆ ಅದು ಮಳೆಗಾಲಗಳನ್ನು ಗೋಡೌನಿನಲ್ಲಿ ಕಳೆದ ಮಾಲು. ಅರ್ಧ ಬೆಲೆಗೆ ಕೊಟ್ಟರೂ ಬೇಡ.