ರಿಪೇರಿ ಮಾಡಿಸೋದಾ, ಕೆಡವಿ ಕಟ್ಟಿಸೋದಾ?

ಹಳೆ ಮನೆ ಇಟ್ಟುಕೊಂಡವರು ಈ ಪ್ರಶ್ನೆ ಕೇಳುವಾಗ ಉತ್ತರವನ್ನೂ ಜೊತೆಯಲ್ಲೇ ತಂದಿರುತ್ತಾರೆ. ರಿಪೇರಿ ಅಂದರೆ ಅರ್ಧ ದುಡ್ಡಲ್ಲಿ ಮುಗಿಯುತ್ತೆ, ಅಲ್ವಾ ಅಂತ. ಮುಗಿಯಲ್ಲ. ಯಾಕೆ ಅಂತ ಮೊದಲು ಲೆಕ್ಕ ಹಾಕೋಣ, ಆಮೇಲೆ ನಿಮ್ಮಿಷ್ಟ.

ಅದೇ ಅಳತೆಯ ಹೊಸ ಮನೆಗೆ 100 ಖರ್ಚು ಅಂದುಕೊಳ್ಳಿ. ಪಾಯ, ಗೋಡೆ, ಕಾಲಂ, ಬೀಮು, ಚಾವಣಿ, ಅಂದರೆ ಸ್ಟ್ರಕ್ಚರ್, ಇಷ್ಟಕ್ಕೆ ಹೆಚ್ಚು ಕಡಿಮೆ ಅರ್ಧ ಹೋಗುತ್ತದೆ. ಉಳಿದ ಅರ್ಧ ವೈರಿಂಗ್, ಪೈಪು, ನೆಲ, ಬಾಗಿಲು, ಕಿಟಕಿ, ಅಡುಗೆಮನೆ, ಬಚ್ಚಲುಮನೆ, ಬಣ್ಣಕ್ಕೆ. ಹಳೆ ಮನೆಯನ್ನು ಪೂರ್ತಿ ರಿಪೇರಿ ಮಾಡಿಸುತ್ತೇನೆ ಅಂದರೆ ಈ ಎರಡನೇ ಅರ್ಧ ಇದ್ದಂಗೇ ಬರುತ್ತದೆ. ಹಳೆ ಮನೆಗೆ ಹಾಕುತ್ತೀರಿ ಅಂತ ಟೈಲ್ಸ್ ಅಂಗಡಿಯವನು ರೇಟು ಕಡಿಮೆ ಮಾಡುವುದಿಲ್ಲ. ಅಂದರೆ ನಿಮಗೆ ಉಳಿಯೋದು ಸ್ಟ್ರಕ್ಚರ್ ದುಡ್ಡು ಮಾತ್ರ. ಅದರಲ್ಲೂ ಒಡೆಯೋ ಕೂಲಿ, ಒಡೆದಿದ್ದನ್ನು ಹೊರಗೆ ಸಾಗಿಸೋ ಖರ್ಚು, ಚಾವಣಿ ಗೋಡೆ ಸರಿ ಮಾಡೋ ಖರ್ಚು ಕಳೆಯಬೇಕು.

ಅಂಕಿ ಹಾಕಿ ನೋಡಿ. ಒಳಗಿನ ಕೆಲಸ 50, ಒಡೆದು ಸಾಗಿಸಲು 6, ಸ್ಟ್ರಕ್ಚರ್ ರಿಪೇರಿಗೆ 10. ಒಟ್ಟು 66 ಆಯಿತು. ಹಳೆ ಮನೆಯಲ್ಲಿ ಏನೇನು ಹೊರಗೆ ಬರುತ್ತದೋ ಗೊತ್ತಿಲ್ಲ, ಅದಕ್ಕೆ ಶೇಕಡಾ 20 ಪಕ್ಕಕ್ಕಿಡಲೇಬೇಕು. 79 ಆಯಿತು. ಹೊಸ ಮನೆ ಕಡೆ ಬನ್ನಿ. ಕಟ್ಟಲು 100, ಹಳೆಯದನ್ನು ಕೆಡವಲು 5, ಅದರ ಮೇಲೆ ಶೇಕಡಾ 10 ಸಾಕು, ಯಾಕಂದ್ರೆ ಎಲ್ಲಾ ಹೊಸದಾದ್ದರಿಂದ ಅನಿರೀಕ್ಷಿತ ಕಡಿಮೆ. 115 ದಾಟಿತು. ಇದರ ಜೊತೆ ಪ್ಲಾನು, ಅನುಮತಿ, ಬೇರೆ ಕಡೆ ಇರೋ ದಿನಗಳ ಬಾಡಿಗೆ. ಹಾಗಾಗಿ ರಿಪೇರಿ ಅಗ್ಗ ಹೌದು, ಆದರೆ ಮೂರರಲ್ಲಿ ಎರಡು ಪಾಲು ಖರ್ಚು ಬಂದೇ ಬರುತ್ತದೆ. ನಿಮ್ಮ ಊರಿನ ರೇಟು ಹಾಕಿಕೊಂಡರೆ ಅಂಕಿ ಆಚೆ ಈಚೆ ಆಗಬಹುದು, ಲೆಕ್ಕದ ದಾರಿ ಮಾತ್ರ ಇದೇ.

ಇನ್ನೊಂದು ಲೆಕ್ಕ ಯಾರೂ ಹಾಕಲ್ಲ. ಖರ್ಚನ್ನು ವರ್ಷಕ್ಕೆ ಭಾಗಿಸಿ. ಹೊಸ ಮನೆ 60 ವರ್ಷ ಬಾಳಿದರೆ 115ಕ್ಕೆ ವರ್ಷಕ್ಕೆ 2ಕ್ಕಿಂತ ಕಡಿಮೆ. ರಿಪೇರಿ ಮಾಡಿದ ಮನೆ ಇನ್ನು 25 ವರ್ಷ ಬಂದರೆ 79ಕ್ಕೆ ವರ್ಷಕ್ಕೆ 3ಕ್ಕಿಂತ ಜಾಸ್ತಿ. ಹಾಗಂತ ಎಲ್ಲರೂ ಕೆಡವಿಬಿಡಿ ಅಂತಲ್ಲ. ವಯಸ್ಸು 65 ದಾಟಿದೆ, ಮಕ್ಕಳು ಬೇರೆ ಎಲ್ಲೋ ನೆಲೆಸಿದ್ದಾರೆ, ಇಲ್ಲಿಗೆ ಬರುವ ಲಕ್ಷಣ ಇಲ್ಲ ಅಂದಮೇಲೆ 60 ವರ್ಷದ ಮನೆ ಕಟ್ಟಿ ಯಾರಿಗೆ ಬಿಟ್ಟು ಹೋಗುತ್ತೀರಿ? ಇರುವ ಮನೆ ಇನ್ನು 20 ವರ್ಷ ಚೆನ್ನಾಗಿದ್ದರೆ ಸಾಕು. ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಇದೇ ಲೆಕ್ಕ ಬೇರೆ ಥರ ಕಾಣುತ್ತದೆ.

ಈಗ ಮುಖ್ಯ ವಿಷಯ. ಇಷ್ಟೂ ಲೆಕ್ಕ ನಿಂತಿರುವುದು ಸ್ಟ್ರಕ್ಚರ್ ರಿಪೇರಿಗೆ ಹಾಕಿದ ಆ 10ರ ಮೇಲೆ. ಅದು 3 ಆದರೆ ಕಣ್ಣು ಮುಚ್ಚಿ ರಿಪೇರಿ ಮಾಡಿಸಿ. 30 ಆದರೆ ಮರೆತುಬಿಡಿ. ಅದನ್ನು ತಿಳಿಯದೆ ಟೈಲ್ಸ್ ಬಣ್ಣ ಆರಿಸಲು ಕೂತರೆ ಆಮೇಲೆ ಯಾರೂ ಏನೂ ಮಾಡಲಾಗದು.

ಮೊದಲು ಚಾವಣಿಯ ಕೆಳಗೆ ನಿಂತು ತಲೆ ಎತ್ತಿ ನೋಡಿ. ಕಾಂಕ್ರೀಟಿನೊಳಗೆ ಕಬ್ಬಿಣದ ಕಂಬಿ ಹಾದುಹೋದ ಸಾಲಿನಲ್ಲೇ ಉದ್ದಕ್ಕೆ ಬಿರುಕು ಬಿಟ್ಟಿದೆಯಾ, ತುಕ್ಕಿನ ಕಲೆ ಇಳಿದಿದೆಯಾ, ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತಿದೆಯಾ? ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ ಅಂತ ಅರ್ಥ. ತುಕ್ಕು ಮೂಲ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ತಿನ್ನುತ್ತದೆ, ಅದಕ್ಕೇ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದ ಸೀಳಿ ಹೊರಗೆ ತಳ್ಳುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿ ಬಣ್ಣ ಹೊಡೆದರೆ ಕೆಲವು ಕಾಲ ಚೆನ್ನಾಗಿ ಕಾಣುತ್ತದೆ, ಮತ್ತೆ ಉದುರುತ್ತದೆ. ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಿ. ಬರೀ ಪ್ಲಾಸ್ಟರ್ ಬಿಟ್ಟುಕೊಂಡಿದ್ದರೂ ಟೊಳ್ಳು ಸದ್ದೇ ಬರುತ್ತದೆ, ಹಾಗಾಗಿ ಒಂದೆರಡು ಕಡೆ ಕೆತ್ತಿಸಿ ನೋಡಬೇಕು.

ಎಂಜಿನಿಯರನ್ನು ಕರೆಸಿದರೆ ಇನ್ನೊಂದು ಸುಲಭದ ಪರೀಕ್ಷೆ ಮಾಡಿಸಿ. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಆರೋಗ್ಯವಾಗಿರುವ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಹೊಕ್ಕು ಕ್ಷಾರ ಕಳೆದುಕೊಂಡ ಭಾಗ ಬಣ್ಣ ತಿರುಗುವುದೇ ಇಲ್ಲ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುವುದು ಆ ಕ್ಷಾರವೇ. ಬಣ್ಣ ಬರದ ಭಾಗ ಕಂಬಿಯವರೆಗೂ ತಲುಪಿದ್ದರೆ, ಇವತ್ತು ಮನೆ ಚೆನ್ನಾಗಿ ಕಂಡರೂ ಮುಂದೆ ಖರ್ಚಿದೆ ಅಂತಲೇ ಲೆಕ್ಕ. ಎಂಜಿನಿಯರ್ ಫೀಸು ಜಾಸ್ತಿ ಅನ್ನಬೇಡಿ. ಇಡೀ ಖರ್ಚಿನಲ್ಲಿ ಅತಿ ಸಣ್ಣ ಬಾಬ್ತು ಅದು, ದೊಡ್ಡ ತೀರ್ಮಾನ ಮಾಡಿಸುವುದೂ ಅದೇ. ಕೆಲಸ ಹಿಡಿಯಲಿರುವ ಕಂಟ್ರಾಕ್ಟರನ್ನೇ ಈ ಪ್ರಶ್ನೆ ಕೇಳಬೇಡಿ. ಅವನಿಗೆ ಯಾವ ಕೆಲಸ ಬೇಕೋ ಆ ಉತ್ತರ ಬರುತ್ತದೆ.

ಗೋಡೆ ಬಿರುಕಿನ ಬಗ್ಗೆ ಸುಮ್ನೆ ಹೆದರಬೇಡಿ. ಕೂದಲೆಳೆಯಂಥ ಬಿರುಕು ಪ್ಲಾಸ್ಟರ್ ಒಣಗಿ ಬಂದದ್ದೇ ಹೆಚ್ಚು. ಇಟ್ಟಿಗೆ ಸಂದಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು, ಮೇಲೆ ಅಗಲ ಕೆಳಗೆ ಸಣ್ಣ ಇರುವ ಬಿರುಕು, ಇವನ್ನು ನೋಡಿದರೆ ಪಾಯ ಒಂದು ಕಡೆ ಕುಸಿದಿದೆಯಾ ಅಂತ ವಿಚಾರಿಸಿ. ಬಿರುಕಿಗೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ತುಂಡು ಅಂಟಿಸಿ ದಿನಾಂಕ ಬರೆದಿಡಿ. ಕೆಲವು ತಿಂಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ. ಒಡೆಯದಿದ್ದರೆ ಕುಸಿತ ಹಳೆಯದು, ನಿಂತಿದೆ. ಎರಡರ ಖರ್ಚಿಗೂ ಅಜಗಜಾಂತರ.

ರಿಪೇರಿಯಲ್ಲಿ ಸರಿ ಹೋಗದ ದೋಷಗಳೂ ಇವೆ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ನೆಲದ ಮಟ್ಟ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಬಿದ್ದು ಬಿದ್ದು ಎಷ್ಟೋ ಹಳೆ ಮನೆಗಳು ಈಗ ರಸ್ತೆಗಿಂತ ಕೆಳಗಿವೆ. ಜೋರು ಮಳೆ ಬಂದರೆ ನೀರು ಒಳಕ್ಕೆ, ಚರಂಡಿ ನೀರೂ ಹಿಂದಕ್ಕೆ. ಒಳಗೆ ಮಣ್ಣು ತುಂಬಿ ನೆಲ ಎತ್ತರಿಸೋಣ ಅಂದರೆ ಚಾವಣಿ ತಲೆಗೆ ತಗಲುವಷ್ಟು ಹತ್ತಿರ ಬರುತ್ತದೆ, ಬಾಗಿಲು ಕಿಟಕಿ ಎಲ್ಲಾ ಕಿತ್ತು ಮೇಲಕ್ಕೇರಿಸಬೇಕು. ಜಾಕ್ ಇಟ್ಟು ಇಡೀ ಮನೆಯನ್ನೇ ಎತ್ತುವವರಿದ್ದಾರೆ, ಆದರೆ ಹಳೆ ಗೋಡೆ ಅದನ್ನು ತಡೆಯುತ್ತದೆಯಾ ಅಂತ ಎಂಜಿನಿಯರ್ ಹೇಳಬೇಕು, ಎತ್ತಿಸಿದ ಮೇಲೆ ನೆಲ, ಪೈಪು ಎಲ್ಲಾ ಹೊಸದಾಗಿಯೇ ಆಗಬೇಕು. ಇಂಥ ಮನೆಗೆ ಟೈಲ್ಸ್ ಹಾಕಿಸುವುದು ದುಡ್ಡು ನೀರಿಗೆ ಹಾಕಿದಂತೆಯೇ. ಹಾಗೇ, ಒಂದೇ ಅಂತಸ್ತಿಗೆ ಅಂತ ಹಾಕಿದ ಪಾಯದ ಮೇಲೆ ಎರಡನೆಯದು ಕಟ್ಟುವ ಆಸೆ ಇದ್ದರೆ ರಿಪೇರಿ ಯೋಚನೆಯನ್ನೇ ಇನ್ನೊಮ್ಮೆ ಯೋಚಿಸಿ.

ಕಲ್ಲು, ಮಣ್ಣು, ಸುಣ್ಣದ ಗಾರೆಯ ಮನೆಯಾದರೆ ನಾನು ರಿಪೇರಿ ಕಡೆಗೇ ವಾಲುತ್ತೇನೆ. ಗೋಡೆ ದಪ್ಪ, ಒಳಗೆ ತುಕ್ಕು ಹಿಡಿಯಲು ಕಬ್ಬಿಣವೇ ಇಲ್ಲ. ಆದರೆ ಆ ಗೋಡೆಗೆ ಸಿಮೆಂಟು ಪ್ಲಾಸ್ಟರ್ ಹಾಕಿಸಬೇಡಿ. ಸುಣ್ಣದ ಗೋಡೆ ತೇವ ಎಳೆದು ಹೊರಗೆ ಬಿಡುತ್ತಿರುತ್ತದೆ, ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗುವುದು ಕಷ್ಟ, ಸಿಕ್ಕರೆ ಕೂಲಿ ಜಾಸ್ತಿ ಕೇಳುತ್ತಾನೆ, ಕೊಡಿ. ಅಕಸ್ಮಾತ್ ಕೆಡವಲೇಬೇಕಾದರೂ ಲಾಭ ಇದೆ. ಸುಣ್ಣದ ಗಾರೆಯ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಂಡು ಬರುತ್ತದೆ, ಸಿಮೆಂಟಿನದು ಒಡೆದು ಚೂರಾಗುತ್ತದೆ. ಹಳೆ ಮರದ ಬಾಗಿಲು, ತೊಲೆ, ಕಲ್ಲು, ಕಬ್ಬಿಣ ಇವಕ್ಕೆಲ್ಲಾ ಬೆಲೆ ಇದೆ, ಕೆಡವುವವನ ಜೊತೆ ಮಾತಾಡುವಾಗಲೇ ಅದು ಯಾರದ್ದು ಅಂತ ಬರೆಸಿಕೊಳ್ಳಿ. ಹಳೆಯ ಕಲ್ನಾರು (ಆಸ್ಬೆಸ್ಟಾಸ್) ಶೀಟು ಇದ್ದರೆ ಮಾತ್ರ ಒಡೆಯಲು ಬಿಡಬೇಡಿ. ಅದರ ನಾರು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರಬಲ್ಲದು. ಅದನ್ನು ತೆಗೆಯುವ ಕ್ರಮ ಗೊತ್ತಿರುವವರಿಂದಲೇ, ನೀರು ಚಿಮುಕಿಸಿ, ಇಡಿಯಾಗಿ ಇಳಿಸಬೇಕು.

ಕೆಡವುವುದು ಅಂತ ತೀರ್ಮಾನಿಸಿದವರು ಸುತ್ತಿಗೆ ಎತ್ತುವ ಮುಂಚೆ ಕಟ್ಟಡ ನಿಯಮ ಓದಿ. ನಿಮ್ಮ ಮನೆ ಕಟ್ಟಿದ ಕಾಲದ ನಿಯಮ ಬೇರೆ, ಈಗಿನದು ಬೇರೆ ಇರಬಹುದು. ಹಳೆ ಮನೆ ಗಡಿಯವರೆಗೂ ಇದ್ದರೂ ಹೊಸದಕ್ಕೆ ಸುತ್ತ ಜಾಗ ಬಿಡಲೇಬೇಕು ಅನ್ನಬಹುದು. ಸಣ್ಣ ಸೈಟಾದರೆ ಹೊಸ ಮನೆ ಹಳೆಯದಕ್ಕಿಂತ ಚಿಕ್ಕದಾಗಿ ಬರುತ್ತದೆ, ದುಡ್ಡು ಜಾಸ್ತಿ ಕೊಟ್ಟು ಒಂದು ಕೋಣೆ ಕಳೆದುಕೊಂಡ ಹಾಗಾಯಿತು. ಕೆಡವಿದ ಮೇಲೆ ಆ ಹಳೆ ಅಳತೆ ವಾಪಸು ಸಿಗದಿರಬಹುದು. ಪಕ್ಕದವರ ಜೊತೆ ಹಂಚಿಕೊಂಡ ಗೋಡೆ ಇದ್ದರೆ ಅದರ ಕಥೆಯೂ ಮೊದಲೇ ಇತ್ಯರ್ಥ ಆಗಲಿ. ಅನುಮತಿ ಕಾಗದ ಕೈಗೆ ಬರುವ ತನಕ ಒಂದು ಹೆಂಚೂ ತೆಗೆಯಬೇಡಿ.

ಸರಿ, ಸ್ಟ್ರಕ್ಚರ್ ಗಟ್ಟಿ ಇದೆ, ರಿಪೇರಿಯೇ ಅಂತ ಆಯಿತು. ಹಾಗಾದರೆ ಎಸ್ಟಿಮೇಟು ತೆಗೆದುಕೊಳ್ಳುವ ಮೊದಲೇ ನಾಲ್ಕು ಕಡೆ ಒಡೆಸಿ ನೋಡಿ. ಬಚ್ಚಲುಮನೆ ಗೋಡೆಯ ಬುಡ, ಅದರ ಕೆಳಗಿನ ಚಾವಣಿ, ಹೊರಗೋಡೆಯ ಬುಡ, ಮುಖ್ಯ ಸ್ವಿಚ್ ಬೋರ್ಡಿನ ಹಿಂದೆ. ಮನೆಯ ಗುಟ್ಟೆಲ್ಲಾ ಅಲ್ಲೇ ಇರುತ್ತದೆ. ಕಬ್ಬಿಣದ ಹಳೆ ನೀರಿನ ಪೈಪು ಹೊರಗೆ ನೆಟ್ಟಗಿದ್ದರೂ ಒಳಗೆ ತುಕ್ಕು ಕಟ್ಟಿ ಅರ್ಧ ಮುಚ್ಚಿರಬಹುದು. ಗೋಡೆಗಳು ನೆಟ್ಟಗಿವೆಯಾ ಅಂತ ತೂಕದ ಗುಂಡು ಇಳಿಬಿಟ್ಟು ನೋಡಿ, ಸೊಟ್ಟಗಿದ್ದರೆ ಹೊಸ ಕಿಟಕಿ, ಕಪಾಟು ಒಂದೂ ಸರಿಯಾಗಿ ಕೂರುವುದಿಲ್ಲ, ಪ್ಲಾಸ್ಟರ್ ಜಾಸ್ತಿ ದಪ್ಪ ಬೇಕಾಗುತ್ತದೆ.

ಎಷ್ಟು ಕೆಲಸ ಅಂತ ಗೊತ್ತಿರುವ ಬಾಬ್ತಿಗೆ ಒಟ್ಟು ರೇಟು ಮಾತಾಡಿ. ಗೊತ್ತಿಲ್ಲದ ಬಾಬ್ತಿಗೆ, ಅಂದರೆ ಉದುರಿದ ಕಾಂಕ್ರೀಟು, ಹಾಳಾದ ಪ್ಲಾಸ್ಟರ್, ಕೊಳೆತ ಮರ ಇವಕ್ಕೆ, ಅಳತೆಯ ಮೇಲೆ ರೇಟು. ಎಲ್ಲಕ್ಕೂ ಸೇರಿಸಿ ಒಂದೇ ಮೊತ್ತ ಅಂತ ಒಪ್ಪಿದರೆ ಕಂಟ್ರಾಕ್ಟರ್ ಭಯಕ್ಕೆ ಜಾಸ್ತಿ ಹಾಕಿರುತ್ತಾನೆ, ಇಲ್ಲಾ ಮಧ್ಯದಲ್ಲಿ ಕೈ ಬಿಡುತ್ತಾನೆ. ಕೊನೆಯ ಶೇಕಡಾ 5 ಅಥವಾ 10 ಒಂದು ಮಳೆಗಾಲ ಕಳೆಯುವವರೆಗೆ ನಿಮ್ಮ ಹತ್ತಿರವೇ ಇರಲಿ, ಇದನ್ನೂ ಮೊದಲೇ ಬರೆದುಕೊಳ್ಳಿ.

ಕಂತು ಕಂತಾಗಿ ಮಾಡಿಸುವವರಿಗೆ ಒಂದು ಮಾತು. ಈ ವರ್ಷ ಅಡುಗೆಮನೆ, ಮುಂದಿನ ವರ್ಷ ವೈರಿಂಗ್ ಅಂದರೆ ಈ ವರ್ಷ ಹಾಕಿದ ಟೈಲ್ಸನ್ನು ಮುಂದಿನ ವರ್ಷ ನೀವೇ ಒಡೆಯುತ್ತೀರಿ. ದುಡ್ಡು ಕಡಿಮೆ ಇದ್ದರೆ ಸೋರುವ ಚಾವಣಿ ಮೊದಲು, ಆಮೇಲೆ ಸ್ಟ್ರಕ್ಚರ್, ಆಮೇಲೆ ಇಡೀ ಮನೆಯ ಪೈಪು ಮತ್ತು ವೈರಿಂಗ್ ಒಟ್ಟಿಗೆ. ನೆಲ, ಬಣ್ಣ ಎಷ್ಟು ವರ್ಷ ಬೇಕಾದರೂ ಕಾಯಲಿ. ಬಚ್ಚಲುಮನೆಯ ವಾಟರ್‌ಪ್ರೂಫಿಂಗ್ ಆದಮೇಲೆ ಟೈಲ್ಸ್ ಹಾಕುವ ಮುಂಚೆ 24ರಿಂದ 48 ಗಂಟೆ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಕೋಣೆಗೆ ಹೋಗಿ ಚಾವಣಿ ನೋಡಿ. ಮೇಸ್ತ್ರಿ ಅವಸರ ಮಾಡಿದರೂ ಬಿಡಬೇಡಿ. ಪೈಪು, ವೈರು ಗೋಡೆಯೊಳಗೆ ಕೂತ ಮೇಲೆ, ಪ್ಲಾಸ್ಟರ್ ಹಾಕುವ ಮುಂಚೆ, ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಫೋಟೋದಲ್ಲಿ ಅಳತೆ ಟೇಪೂ ಕಾಣಲಿ, ಯಾಕಂದ್ರೆ ಮುಂದೆ ಒಂದು ಮೊಳೆ ಹೊಡೆಯುವಾಗ ಪೈಪು ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಬೇರೆ ಯಾರೂ ಹೇಳಲ್ಲ.